ಬೇಲಿ ತಂತಿಯಿಂದ ಗೇಟಿನ ಚಿಲಕದವರೆಗೆ: ಕೊಳ್ಳುವ ಮುನ್ನ ಮುಟ್ಟಿ ನೋಡಿ

ತಿಪಟೂರಿನ ಬಳಿಯ ನಮ್ಮ ತೆಂಗಿನ ತೋಟಕ್ಕೆ ಮೊದಲ ಬೇಲಿ ಹಾಕಿಸಿದಾಗ ನಾನು ಕೇಳಿದ್ದು 12 ಗೇಜಿನ ಮುಳ್ಳುತಂತಿ, ಅಂಗಡಿಯವರು ಕೊಟ್ಟದ್ದು ಅದಕ್ಕಿಂತ ಸಣ್ಣದಾದ 14 ಗೇಜಿನದು. ಇದು ಗೊತ್ತಾದದ್ದು ಮೂರನೆಯ ಮಳೆಗಾಲ ಮುಗಿದ ಮೇಲೆ, ಪಕ್ಕದ ಹೊಲದ ಎಮ್ಮೆ ಕತ್ತು ಉಜ್ಜಿದ ಕಡೆ ಎಳೆ ಕಡಿದು ಬಿದ್ದಾಗ. ಅಂದಿನಿಂದ ಬೇಲಿಯ ಸಾಮಾನು ತರಲು ಹೊರಟರೆ ನನ್ನ ಚೀಲದಲ್ಲಿ ತಂತಿಯ ದಪ್ಪ ಅಳೆಯುವ ವರ್ನಿಯರ್ ಕ್ಯಾಲಿಪರ್ ಮತ್ತು ಒಂದು ಸುತ್ತಿಗೆ ಇದ್ದೇ ಇರುತ್ತವೆ.

ತಂತಿಯಿಂದಲೇ ಶುರು ಮಾಡೋಣ, ಏಕೆಂದರೆ ಹೆಚ್ಚು ಹಣ ಹಾಳಾಗುವುದು ಇಲ್ಲಿಯೇ. ಗೇಜಿನ ಅಂಕಿ ಏರಿದಷ್ಟೂ ತಂತಿ ಸಣ್ಣದಾಗುತ್ತದೆ. 12 ಗೇಜ್ ಎಂದರೆ ಸುಮಾರು 2.6 ಮಿ.ಮೀ., 14 ಗೇಜ್ ಎಂದರೆ ಸುಮಾರು 2 ಮಿ.ಮೀ. ಕಣ್ಣಿಗೆ ಅಷ್ಟೇನೂ ವ್ಯತ್ಯಾಸ ಕಾಣುವುದಿಲ್ಲ. ಆದರೆ ಅಷ್ಟೇ ಉದ್ದದ 14 ಗೇಜಿನ ಎಳೆಯಲ್ಲಿ ಇರುವ ಕಬ್ಬಿಣ 12 ಗೇಜಿನದರ ಐದರಲ್ಲಿ ಮೂರು ಪಾಲು ಮಾತ್ರ. ಮುಳ್ಳುತಂತಿಯನ್ನು ತೂಕದ ಲೆಕ್ಕದಲ್ಲಿ ಮಾರುವುದರಿಂದ ಸಣ್ಣ ತಂತಿ ಕೊಂಡವರಿಗೆ ಅದೇ ದುಡ್ಡಿಗೆ ಹೆಚ್ಚು ಉದ್ದ ಸಿಗುತ್ತದೆ, ಲಾಭವಾಯಿತೆಂದು ಅನ್ನಿಸುತ್ತದೆ. ನನಗೂ ಹಾಗೆಯೇ ಅನ್ನಿಸಿತ್ತು.

ಚೀಟಿಯಲ್ಲಿ 12×14 ಎಂದಿದ್ದರೆ ಮೊದಲ ಅಂಕಿ ಉದ್ದಕ್ಕೆ ಹೆಣೆದ ಎರಡು ಎಳೆಗಳದು, ಎರಡನೆಯದು ಮುಳ್ಳಿನದು. ಬೇಲಿಯ ಭಾರ ಹೊರುವುದು ಉದ್ದದ ಎಳೆ. ಹಾಗಾಗಿ ಕ್ಯಾಲಿಪರನ್ನು ಮುಳ್ಳಿಗೆ ಹಿಡಿಯದೆ ಎಳೆಗೇ ಹಿಡಿಯಿರಿ. ಮುಳ್ಳಿನಿಂದ ಮುಳ್ಳಿಗೆ ಎಷ್ಟು ಅಂತರವಿದೆ ಎಂಬುದನ್ನೂ ಅಳೆಯಿರಿ. ಮೂರು ಇಂಚಿಗೊಂದು, ನಾಲ್ಕು ಇಂಚಿಗೊಂದು, ಆರು ಇಂಚಿಗೊಂದು ಹೀಗೆ ಬೇರೆ ಬೇರೆ ಬಗೆಗಳು ಬರುತ್ತವೆ. ಮುಳ್ಳನ್ನು ಬೆರಳಿನಿಂದ ಜಾರಿಸಿ ನೋಡಿ. ಸುಲಭವಾಗಿ ಸರಿದರೆ ಅದು ಬಿಗಿಯಾಗಿ ಸುತ್ತಿದ ಮುಳ್ಳಲ್ಲ.

ತುಕ್ಕು ತಡೆಯುವ ಸತುವಿನ ಲೇಪವನ್ನು ಹೊಳಪಿನಿಂದ ಅಳೆಯಬೇಡಿ. ತೆಳುವಾಗಿ ಲೇಪಿಸಿದ ತಂತಿಯೂ ಹೊಸದರಲ್ಲಿ ಬೆಳ್ಳಿಯಂತೆ ಮಿಂಚುತ್ತದೆ. ಗೇಣುದ್ದದ ಎಳೆಯೊಂದನ್ನು ಕತ್ತರಿಸಿ, ಪೆನ್ಸಿಲಿಗಿಂತ ತುಸು ದಪ್ಪನೆಯ ಸರಳಿಗೆ ಐದಾರು ಸುತ್ತು ಬಿಗಿಯಾಗಿ ಸುತ್ತಿ, ಉಗುರಿನಿಂದ ಕೆರೆಯಿರಿ. ಲೇಪ ಹೊಟ್ಟಿನಂತೆ ಉದುರಿದರೆ ಆ ಸುರುಳಿಯನ್ನು ಅಲ್ಲಿಯೇ ಬಿಡಿ.

ತಂತಿಯನ್ನು ಕಂಬಕ್ಕೆ ಕಟ್ಟುವಾಗ ತಾರಸಿಯ ಸರಳು ಕಟ್ಟುವ ಕಪ್ಪು ಬೈಂಡಿಂಗ್ ವೈರನ್ನು ದಯವಿಟ್ಟು ಬಳಸಬೇಡಿ. ಅದಕ್ಕೆ ಸತುವೇ ಇರುವುದಿಲ್ಲ. ಬೇಲಿಗಿಂತ ಮೊದಲು ಕಟ್ಟು ತುಕ್ಕು ಹಿಡಿಯುತ್ತದೆ. ಬೂದು ಬಣ್ಣದ ಜಿ.ಐ., ಅಂದರೆ ಸತು ಲೇಪಿಸಿದ, ಕಟ್ಟುತಂತಿಯನ್ನೇ ಕೇಳಿ.

ಡೈಮಂಡ್ ಜಾಲರಿ, ಅಂದರೆ ಚೈನ್‌ಲಿಂಕ್, ಕುರಿ, ನಾಯಿ, ಕೋಳಿಗಳ ಕಾಟ ಇರುವಲ್ಲಿ ಒಳ್ಳೆಯದು. ಜಾಲರಿಯ ಕಣ್ಣಿನ (ತೂತಿನ) ಅಳತೆ, ತಂತಿಯ ಗೇಜ್ ಎರಡನ್ನೂ ಬಿಲ್ಲಿನಲ್ಲಿ ಬರೆಸಿಕೊಳ್ಳಿ, ಅಷ್ಟು ಸಾಕು.

ಸೋಲಾರ್ ಬೇಲಿಯ ತಂತಿಗೆ ಮುಳ್ಳಿರುವುದಿಲ್ಲ, ಇರಲೂ ಬಾರದು. ಮುಳ್ಳಿಗೆ ಸಿಕ್ಕಿಕೊಂಡ ಜೀವ ಮತ್ತೆ ಮತ್ತೆ ಹೊಡೆತ ತಿನ್ನುತ್ತಲೇ ಇರುತ್ತದೆ. ಈ ಬೇಲಿಯ ಎನರ್ಜೈಸರ್ ಎಂಬ ಪೆಟ್ಟಿಗೆ ಬ್ಯಾಟರಿಯಿಂದ ಕರೆಂಟು ಪಡೆದು ಸುಮಾರು ಸೆಕೆಂಡಿಗೊಂದರಂತೆ ಕ್ಷಣಮಾತ್ರದ ಮಿಡಿತ ಕಳಿಸುತ್ತದೆ, ಆದ್ದರಿಂದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ. ಪಂಪ್‌ಸೆಟ್ಟಿನ ಲೈನಿನಿಂದ ನೇರವಾಗಿ ಕರೆಂಟು ಎಳೆಯುವುದು ಬೇಲಿಯಲ್ಲ, ಕೊಲೆ. ಕಾನೂನಿನಲ್ಲೂ ಅದು ಅಪರಾಧ.

ಕಂಬಕ್ಕೆ ನಮ್ಮ ಕಡೆ ಕಲ್ಲೇ ಆಗಬೇಕು. ಏಳು ಅಡಿಯ ಕಂಬವಾದರೆ ಎರಡು ಅಡಿ ನೆಲದೊಳಗಿರಲಿ, ಕಂಬದಿಂದ ಕಂಬಕ್ಕೆ ಎಂಟರಿಂದ ಹತ್ತು ಅಡಿ ಅಂತರವಿರಲಿ. ಲಾರಿಯಿಂದ ಇಳಿಸುವಾಗಲೇ ಪ್ರತಿಯೊಂದಕ್ಕೂ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಕಲ್ಲು ಠಣ್ ಎನ್ನುತ್ತದೆ, ಒಳಗೆ ಸೀಳಿದ್ದರೆ ದನಿ ಮಂದವಾಗಿ ಬರುತ್ತದೆ. ಅನುಮಾನವಿದ್ದರೆ ಒಂದು ಚೊಂಬು ನೀರು ಸುರಿಯಿರಿ. ಮೈ ಒಣಗಿದ ಮೇಲೂ ಕಪ್ಪು ಗೆರೆಯೊಂದು ಹಸಿಯಾಗಿ ಉಳಿದರೆ ಅದೇ ಬಿರುಕು. ಅಂಚಿನಲ್ಲಿ ಸಾಲಾಗಿ ಕಾಣುವ ಕುಳಿಗಳಿಗೆ ಹೆದರಬೇಡಿ, ಅವು ಬಂಡೆ ಸೀಳುವಾಗ ಬೆಣೆ ಹೊಡೆದ ಗುರುತು. ಮೂಲೆಗೆ ದಪ್ಪ ಕಂಬ ಆರಿಸಿ, ಎರಡೂ ಕಡೆಗೆ ಓರೆಯಾಗಿ ಒತ್ತುಗಲ್ಲು ಕೊಡಿಸಿ. ತಂತಿಯನ್ನು ಎಳೆದು ಬಿಗಿಯುವಾಗ ಇಡೀ ಸಾಲಿನ ಭಾರ ಮೂಲೆಯ ಮೇಲೆ ಬೀಳುತ್ತದೆ.

ಇನ್ನು ಗೇಟು. ಜಿ.ಐ. ಪೈಪಿನ ಮೇಲೆ ಬಣ್ಣದ ಪಟ್ಟಿ ಹುಡುಕಿ: ಹಳದಿ ಇದ್ದರೆ ತೆಳುವಾದದ್ದು, ನೀಲಿ ಮಧ್ಯಮ, ಕೆಂಪು ದಪ್ಪನೆಯದು. ನಮ್ಮ ಹತ್ತು ಅಡಿಯ ಗೇಟಿಗೆ ನೀಲಿ ಪಟ್ಟಿಯದನ್ನು ಹಾಕಿಸಿದೆ. ವೆಲ್ಡಿಂಗ್ ಮಾಡಿದ ಕಡೆ ಸತು ಸುಟ್ಟುಹೋಗುತ್ತದೆ, ಅಲ್ಲಿಗೆ ಸತುವಿನ ಪ್ರೈಮರ್ ಬಳಿಸದೆ ಗೇಟನ್ನು ಮನೆಗೆ ತರಬೇಡಿ. ಓರೆ ಪೈಪು ಹಿಂಜ್ ಇರುವ ಕಂಬದ ಕಡೆಯ ಕೆಳಮೂಲೆಯಿಂದ ಚಿಲಕದ ಕಡೆಯ ಮೇಲ್ಮೂಲೆಗೆ ಹೋಗಬೇಕು. ಆಗ ಗೇಟು ಜೋತು ಬೀಳದಂತೆ ಅದು ಎತ್ತಿ ಹಿಡಿಯುತ್ತದೆ.

ಚಿಲಕಗಳಲ್ಲಿ ಅಡ್ಡಕ್ಕೆ ಸರಿದು ಬೀಗ ಹಾಕಲು ಕಿವಿ ಇರುವುದು ಆಲ್ಡ್ರಾಪ್, ನೆಲದ ಕುಳಿಗೆ ಇಳಿಯುವುದು ಟವರ್ ಬೋಲ್ಟ್. ಎರಡು ರೆಕ್ಕೆಯ ಗೇಟಿಗೆ ಎರಡೂ ಬೇಕು. ಅವುಗಳ ಬೋಲ್ಟಿನ ನಟ್ಟು ತೋಟದ ಒಳಬದಿಗಿರಲಿ.

ನನ್ನ ತವರು ಹೊಸನಗರದ ಕಡೆ ಗೇಟಿಗೆ ಬದಲು ದಣಪೆ ಇತ್ತು: ತೂತು ಕೊರೆದ ಎರಡು ಕಂಬ, ನಡುವೆ ಮೂರು ಬಿದಿರಿನ ಗಳ. ತೋಟದ ಹಿಂಬದಿಗೆ ಅಂಥದ್ದನ್ನೇ ಮಾಡಿಸಿದ್ದೇನೆ. ಹುಲ್ಲಿನ ಹೊರೆ ಹೊತ್ತು ಬರುವವರು ಒಂದು ಗಳ ಸರಿಸಿದರೆ ಸಾಕು. ಎಷ್ಟೋ ವರ್ಷದಿಂದ ಬದಲಾಯಿಸಿದ್ದು ಬಿದಿರನ್ನು ಮಾತ್ರ.

ತೋಟದ ಮುಂಬದಿಯ ಗೇಟಿನ ಹಿಂಜ್ ವಿಷಯದಲ್ಲಿ ಒಂದು ಕೆಲಸ ಮರೆಯಬೇಡಿ. ಕಂಬದ ಗೂಟಕ್ಕೆ ಗೇಟಿನ ಬಳೆ ಕೂರುವ ಬಗೆಯದಾದರೆ ಕೆಳಗಿನ ಗೂಟದ ಮೊನೆ ಮೇಲಕ್ಕಿರಲಿ, ಮೇಲಿನದನ್ನು ತಲೆಕೆಳಗಾಗಿ ಕೂರಿಸಿ. ಎರಡೂ ಮೇಲ್ಮುಖವಾಗಿದ್ದರೆ ಕೊಂಬು ಕೊಟ್ಟು ಎತ್ತುವ ಹೋರಿಯೂ, ರಾತ್ರಿ ಎಳನೀರಿಗೆ ಬರುವ ಕಳ್ಳನೂ ಬೀಗ ಮುಟ್ಟದೆಯೇ ಗೇಟನ್ನು ಎತ್ತಿ ಪಕ್ಕಕ್ಕಿಡಬಹುದು.