ಟೀಸರ್ ಬೇಡ, ಧಾರೆ ಪೂರ್ತಿ ತೋರಿಸಿ: ತಂಗಿ ಮದುವೆಗೆ ವಿಡಿಯೋದವರನ್ನು ಹುಡುಕಿದ ನನ್ನ ಅನುಭವ

ತಂಗಿ ಮದುವೆ ಮೈಸೂರಲ್ಲಿ ಅಂತ ಗಟ್ಟಿಯಾದ ಕೂಡಲೇ ಅಪ್ಪ ಅಡುಗೆಯವರನ್ನು ಹಿಡಿದರು, ಮಂಟಪದ ಹೂವು ಚಿಕ್ಕಪ್ಪನ ಪಾಲಿಗೆ ಹೋಯಿತು, ಫೋಟೋ-ವಿಡಿಯೋ ನನ್ನ ತಲೆಗೆ ಬಂತು. 'ಮೂರು ಹೊತ್ತೂ ಇನ್‌ಸ್ಟಾಗ್ರಾಂ ನೋಡೋನು ನೀನೇ ಅಲ್ವಾ' ಅನ್ನೋದೊಂದೇ ನನ್ನ ಅರ್ಹತೆ.

ನೋಡಿದರೆ ಎಲ್ಲರ ಪೇಜೂ ಒಂದೇ ಥರ. ಹುಡುಗಿ ಕನ್ನಡಿ ಮುಂದೆ ಜುಮುಕಿ ಹಾಕಿಕೊಳ್ಳುತ್ತಾಳೆ, ಅಕ್ಷತೆ ನಿಧಾನಕ್ಕೆ ಬೀಳುತ್ತದೆ, ಹಿಂದೆ ಒಂದು ಸಿನಿಮಾ ಹಾಡು. ಎರಡು ದಿನ ಹಗಲೂ ರಾತ್ರಿ ತೆಗೆದದ್ದರಲ್ಲಿ ಒಂದು ನಿಮಿಷ ಚೆನ್ನಾಗಿರೋದು ಸಿಗದೆ ಇರುತ್ತಾ? ಅದಕ್ಕೇ ನಾನು ಟೀಸರ್ ನೋಡೋದು ಬಿಟ್ಟೆ. ಹೋದ ಕಡೆಯೆಲ್ಲ ಒಂದೇ ಮಾತು ಕೇಳಿದೆ: 'ನೀವು ಮಾಡಿರೋ ಯಾವುದಾದರೂ ಒಂದು ಮದುವೆಯ ಮುಹೂರ್ತದ ವಿಡಿಯೋ ತೋರಿಸಿ. ಅಂತರಪಟ ಹಿಡಿಯೋದರಿಂದ ತಾಳಿ ಕಟ್ಟೋ ತನಕ, ಪೂರ್ತಿ.'

'ಬೇರೆಯವರ ಮನೆ ವಿಡಿಯೋ ಸರ್, ಕಳಿಸೋಕಾಗಲ್ಲ' ಅಂದರು ಕೆಲವರು. ಅದು ನ್ಯಾಯವೇ. ಕಳಿಸಬೇಡಿ, ನಿಮ್ಮ ಸ್ಟುಡಿಯೋಗೇ ಬಂದು ನೋಡ್ತೀನಿ ಅಂದೆ. ಸುಮಾರು ಜನ ಅಲ್ಲೇ ಉದುರಿಕೊಂಡರು.

ಒಂದು ಕಡೆ ಹೆಡ್‌ಫೋನ್ ಹಾಕಿಕೊಂಡು ಕೂತೆ. ಚಿತ್ರ ಬಹಳ ಚೆನ್ನಾಗಿತ್ತು. ಪುರೋಹಿತರು ಮಂತ್ರ ಹೇಳುತ್ತಿದ್ದಾರೆ, ಸ್ಪಷ್ಟವಾಗಿ ಕೇಳಿಸುತ್ತಿದೆ. 'ಗಟ್ಟಿಮೇಳ, ಗಟ್ಟಿಮೇಳ' ಅಂದರು. ವಾಲಗ ಶುರುವಾಯಿತು ನೋಡಿ, ಡೋಲಿನ ಶಬ್ದ ಒಡೆದುಹೋಗಿ ಬರೀ ಗರಗರ. ವಾಲಗ ನಿಂತ ಮೇಲೂ ಮಾತುಗಳೆಲ್ಲ ಒಂದೆರಡು ಕ್ಷಣ ಬಾವಿಯೊಳಗಿಂದ ಬಂದ ಹಾಗೆ. ಕ್ಯಾಮೆರಾದಲ್ಲೇ ಇರೋ ಮೈಕನ್ನು ಆಟೋಮ್ಯಾಟಿಕ್ ಸೆಟ್ಟಿಂಗ್‌ನಲ್ಲಿ ಬಿಟ್ಟರೆ ಹೀಗಾಗುತ್ತದೆ: ದೊಡ್ಡ ಶಬ್ದ ಬಂದ ತಕ್ಷಣ ಅದು ತಾನೇ ಸದ್ದು ತಗ್ಗಿಸಿಕೊಳ್ಳುತ್ತದೆ, ಮತ್ತೆ ಏರಿಸಿಕೊಳ್ಳೋಕೆ ಹೊತ್ತು ಹಿಡಿಯುತ್ತದೆ. ನಮ್ಮ ಮದುವೆಯಲ್ಲಿ ಮುಖ್ಯವಾದದ್ದೆಲ್ಲ ನಡೆಯೋದು ಗಟ್ಟಿಮೇಳದ ಹೊತ್ತಲ್ಲೇ ಅಲ್ವಾ! ಟೀಸರ್‌ನಲ್ಲಿ ಇದು ಗೊತ್ತೇ ಆಗಲ್ಲ, ಅಲ್ಲಿ ಇರೋದು ಹಾಡು ಮಾತ್ರ.

ಪೂರ್ತಿ ವಿಡಿಯೋದಲ್ಲಿ ಇನ್ನೊಂದು ವಿಷಯ ಬಯಲಾಗುತ್ತದೆ. ತಾಳಿ ಕಟ್ಟೋ ಹೊತ್ತಿಗೆ ನೆಂಟರೆಲ್ಲ ಅಕ್ಷತೆ ಹಿಡಿದು ಮಂಟಪದ ಮೇಲೇ ಹತ್ತಿರುತ್ತಾರೆ. ಆಗ ಕ್ಯಾಮೆರಾದವನು ಎಲ್ಲಿದ್ದ? ಒಂದು ವಿಡಿಯೋದಲ್ಲಿ ಆ ಕ್ಷಣಕ್ಕೆ ಕಂಡದ್ದು ಸ್ವಂತ ಟೀಮಿನ ಫೋಟೋಗ್ರಾಫರನ ಬೆನ್ನು. ಇನ್ನೊಂದರಲ್ಲಿ ಹಿಂದಿನ ಎಲ್‌ಇಡಿ ಲೈಟಿನಿಂದ ಚಿತ್ರದ ಮೇಲೆ ಕಪ್ಪು ಪಟ್ಟಿ ಓಡುತ್ತಿತ್ತು. ನಮ್ಮ ಕರೆಂಟು 50 ಹರ್ಟ್ಸ್, ಅದರ ಲಯಕ್ಕೇ ಲೈಟು ಕಣ್ಣಿಗೆ ಗೊತ್ತಾಗದ ಹಾಗೆ ಮಿನುಗುತ್ತಿರುತ್ತದೆ. ಕ್ಯಾಮೆರಾದ ಶಟರ್ ವೇಗವನ್ನು ಅದಕ್ಕೆ ಹೊಂದುವ ಹಾಗೆ ಸೆಕೆಂಡಿನ 1/50ಕ್ಕೋ 1/100ಕ್ಕೋ ಇಟ್ಟುಕೊಂಡರೆ ಬಹುಪಾಲು ಲೈಟುಗಳಲ್ಲಿ ಈ ತೊಂದರೆ ಇರಲ್ಲ.

ಕೊನೆಗೆ ನಾವು ಒಪ್ಪಿದವರ ಟೀಸರ್ ಸಾಧಾರಣ. ಆದರೆ ಧಾರೆ ಪೂರ್ತಿ ಕಂಡಿತು, ಪೂರ್ತಿ ಕೇಳಿಸಿತು. ಅದಕ್ಕಿಂತ ಹೆಚ್ಚಾಗಿ ನನಗೆ ಹಿಡಿಸಿದ್ದು ಅವರು ಕೇಳಿದ ಪ್ರಶ್ನೆಗಳು. ಮಿಕ್ಕವರೆಲ್ಲ 'ಬಜೆಟ್ ಎಷ್ಟು ಸರ್' ಅಂತ ಶುರು ಮಾಡಿದರೆ ಇವರು 'ಧಾರೆ ಎರೆಯೋವಾಗ ಹುಡುಗಿ ತಂದೆ ತಾಯಿ ಯಾವ ಕಡೆ ನಿಲ್ತಾರೆ? ಕಾಶಿಯಾತ್ರೆ ಇದೆಯಾ? ಪುರೋಹಿತರ ನಂಬರ್ ಕೊಡ್ತೀರಾ, ಒಂದು ಸಲ ಮಾತಾಡ್ಕೋತೀನಿ' ಅಂದರು. ಬೀಗರು ಅವರ ಕಡೆಯಿಂದ ಬೇರೆ ಫೋಟೋದವರನ್ನು ಕರೆತರುತ್ತಾರಾ ಅಂತಲೂ ಕೇಳಿದರು. ಕರೆತರುವವರಿದ್ದರು! ಅವತ್ತೇ ಭಾವನಿಗೆ ಫೋನ್ ಮಾಡಿ, ಆರತಕ್ಷತೆ ಅವರ ಟೀಮಿಗೆ, ಮುಹೂರ್ತ ನಮ್ಮ ಟೀಮಿಗೆ ಅಂತ ಹಂಚಿಕೊಂಡೆವು. ಮಂಟಪದ ಮೇಲೆ ಎರಡು ಟೀಮು ಇದ್ದರೆ ಕೆಳಗೆ ಕೂತವರಿಗೆ ಮದುವೆ ಕಾಣಲ್ಲ, ಬರೀ ಬೆನ್ನು.

ಬರೋದು ಯಾರು ಅನ್ನೋದನ್ನೂ ಬಿಡಿಸಿ ಕೇಳಬೇಕು. ಒಳ್ಳೆ ಮುಹೂರ್ತದ ದಿನ ಊರಲ್ಲಿ ಇರೋಬರೋ ಛತ್ರವೆಲ್ಲ ತುಂಬಿರುತ್ತದೆ. ಒಂದೇ ದಿನ ಹಲವು ಮದುವೆ ಒಪ್ಪಿಕೊಂಡು ದಿನಗೂಲಿ ಲೆಕ್ಕದಲ್ಲಿ ಹೊರಗಿನ ಹುಡುಗರನ್ನು ಕಳಿಸೋದು ಈ ಲೈನಿನಲ್ಲಿ ಮಾಮೂಲು. ಆ ಹುಡುಗರೂ ಚೆನ್ನಾಗಿ ತೆಗೆಯಬಹುದು, ಆದರೆ ನಾವು ನೋಡಿ ಒಪ್ಪಿದ ಕೆಲಸ ಅವರದಲ್ಲ. ಹಾಗಾಗಿ ಮುಹೂರ್ತಕ್ಕೆ ನೀವೇ ನಿಲ್ಲಬೇಕು ಅಂತ ವಾಟ್ಸಾಪ್‌ನಲ್ಲಿ ಬರೆಸಿಕೊಂಡೆ. ಜಗಳಕ್ಕಲ್ಲ, ನೆನಪಿಗೆ.

ರೇಟು: ನನಗೆ ಸಿಕ್ಕ ಕೊಟೇಶನ್‌ಗಳು 70 ಸಾವಿರದಿಂದ ಎರಡೂವರೆ ಲಕ್ಷದವರೆಗೂ ಇದ್ದವು, ಫೋಟೋ ಆಲ್ಬಂ ಸೇರಿ. ಜಾಸ್ತಿ ಕೇಳಿದವರ ಪಟ್ಟಿಯಲ್ಲಿ ಡ್ರೋನ್ ಖಾಯಂ. ನಾವು ಬೇಡ ಅಂದೆವು. ಛತ್ರದೊಳಗೆ ನಡೆಯೋ ಮದುವೆಗೆ ಛತ್ರದ ಮೇಲಿನ ಸಿಂಟೆಕ್ಸ್ ಟ್ಯಾಂಕ್ ತೋರಿಸಿ ಏನು ಮಾಡೋದು? ತೋಟದಲ್ಲೋ ರೆಸಾರ್ಟಲ್ಲೋ ಮಾಡುವವರು ಬೇಕಾದರೆ ತೆಗೆಸಲಿ, ಆದರೆ 2021ರ ಡ್ರೋನ್ ನಿಯಮದ ಪ್ರಕಾರ ರೆಡ್ ಝೋನ್‌ನಲ್ಲಿ, ಅಂದರೆ ಹಾರಾಟಕ್ಕೆ ನಿರ್ಬಂಧ ಇರೋ ಜಾಗದಲ್ಲಿ, ಹಾರಿಸೋಕೆ ಕೇಂದ್ರ ಸರ್ಕಾರದ ಅನುಮತಿ ಬೇಕು, ಹಾಗಾಗಿ ಜಾಗ ಯಾವ ಝೋನಿನಲ್ಲಿದೆ ಅಂತ ಮೊದಲೇ ಕೇಳಿಕೊಳ್ಳಿ. ಡ್ರೋನಿನ ದುಡ್ಡಿನಲ್ಲಿ ನಾವು ಇನ್ನೊಂದು ಕ್ಯಾಮೆರಾ ಹಾಕಿಸಿದೆವು. ಒಂದು ಮಂಟಪದ ಮೇಲೆ, ಒಂದು ಕೆಳಗೆ ಎದುರಿಗೆ, ಸ್ಟ್ಯಾಂಡಿನ ಮೇಲೆ ಅಲ್ಲಾಡದ ಹಾಗೆ.

ಇನ್ನು ಡೇಟಾ. ಎಡಿಟ್ ಮಾಡದ ಎಲ್ಲ ಫೂಟೇಜೂ ನನಗೆ ಬೇಕು ಅಂದೆ. '4ಕೆ ಸರ್, ತುಂಬಾ ದೊಡ್ಡದು' ಅಂದರು. ಲೆಕ್ಕ ಸುಲಭ: ಕ್ಯಾಮೆರಾ ಸೆಕೆಂಡಿಗೆ 100 ಮೆಗಾಬಿಟ್ ರೆಕಾರ್ಡ್ ಮಾಡಿದರೆ ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ದಿನವಿಡೀ. ಅದಕ್ಕೆ 2 ಟಿಬಿ ಹಾರ್ಡ್ ಡಿಸ್ಕ್ ನಾವೇ ಕೊಂಡು ಕೊಟ್ಟೆವು. ಬಹಳ ಜನಕ್ಕೆ ಗೊತ್ತಿಲ್ಲದ ಒಂದು ವಿಷಯ ಇಲ್ಲಿದೆ. 1957ರ ಕಾಪಿರೈಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ, ದುಡ್ಡು ಕೊಟ್ಟು ತೆಗೆಸಿದ ಫೋಟೋ-ವಿಡಿಯೋದ ಮೊದಲ ಹಕ್ಕು ತೆಗೆಸಿದವರದು, ಬೇರೆ ಒಪ್ಪಂದ ಇಲ್ಲದಿದ್ದರೆ. ಆ 'ಇಲ್ಲದಿದ್ದರೆ' ನೋಡಿಕೊಳ್ಳಿ. ಒಬ್ಬರ ಕರಾರುಪತ್ರದ ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲ ಹಕ್ಕೂ ಸ್ಟುಡಿಯೋದ್ದು ಅಂತಿತ್ತು. ನಮ್ಮ ವಿಡಿಯೋದವರು ತಮ್ಮ ಪೇಜಿಗೆ ಹಾಕುವ ಮೊದಲು ತಂಗಿಯನ್ನು ಕೇಳುತ್ತೇನೆ ಅಂದರು, ಕೇಳಿದರು ಕೂಡ.

ಮದುವೆ ದಿನ ಪುರೋಹಿತರ ಶಲ್ಯಕ್ಕೆ ಒಂದು ಪುಟ್ಟ ಮೈಕ್ ಸಿಕ್ಕಿಸಿದರು. ಅಪ್ಪನ ಜೇಬಲ್ಲಿ ಇನ್ನೊಂದು. ಅದರ ಫಲ ಈಗ ಗೊತ್ತಾಗುತ್ತಿದೆ. ಕಾಶಿಯಾತ್ರೆಯಲ್ಲಿ ಭಾವ ಗಂಭೀರವಾಗಿ ಹೊರಟಿದ್ದಾರೆ, ಹಿಂದಿನಿಂದ ನಮ್ಮಜ್ಜಿ 'ಲೋ, ಛತ್ರಿ ನೆಟ್ಟಗೆ ಹಿಡಿಯೋ, ಮುಖ ಕಾಣ್ತಿಲ್ಲ' ಅಂತ ಗದರಿದ್ದು ಅಚ್ಚುಕಟ್ಟಾಗಿ ಸಿಕ್ಕಿದೆ. ಎಡಿಟರ್ ಅದನ್ನು ತೆಗೆದು ಹಾಡು ಹಾಕೋಕೆ ಹೊರಟಿದ್ದರು, ಬೇಡ ಅಂದೆ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬಿಗೆ ಏರಿಸಿದಾಗ ಕಾಪಿರೈಟ್ ಕ್ಲೇಮ್ ಬೇರೆ ಬರುತ್ತದೆ. ನಮ್ಮ ವಾಲಗದವರೇ ಚೆನ್ನಾಗಿ ನುಡಿಸಿದ್ದರು, ಅದನ್ನೇ ಹಾಕಿಸಿದೆವು.

ದುಡ್ಡು ಮೂರು ಕಂತು: ಬುಕಿಂಗಿಗೆ ಸ್ವಲ್ಪ, ಮುಹೂರ್ತದ ದಿನ ಅರ್ಧ, ಉಳಿದದ್ದು ವಿಡಿಯೋ ಮತ್ತು ಡಿಸ್ಕ್ ಕೈಗೆ ಬಂದ ಮೇಲೆ. ವಿಡಿಯೋ ಹೇಳಿದ ಹೊತ್ತಿಗೇ ಬಂತು. ಆಲ್ಬಂ ಮಾತ್ರ ಇನ್ನೂ ಬಂದಿಲ್ಲ. ಅದಕ್ಕೆ ಅವರನ್ನು ಬೈಯೋ ಹಾಗಿಲ್ಲ, ಫೋಟೋ ಆರಿಸಿ ಕೊಡಬೇಕಾದ ತಂಗಿ 'ಈ ವಾರ ನೋಡ್ತೀನಿ ಕಣೋ' ಅಂತಲೇ ಇದ್ದಾಳೆ.