ಮೆಲ್ವಿಲ್ ಬದುಕು, ಮೆಲ್ವಿಲ್ ಪುಸ್ತಕ: ನಾನು ಅಧ್ಯಯನ ಬರೆದ ಬಗೆ

ಅಮೆರಿಕದ ಕಾದಂಬರಿಕಾರ ಹರ್ಮನ್ ಮೆಲ್ವಿಲ್ ಬಗ್ಗೆ ಕನ್ನಡದಲ್ಲಿ ಒಂದು ದೊಡ್ಡ ವಿಮರ್ಶಾ ಲೇಖನ ಬರೆಯಲು ಕೂತಾಗ ಎರಡು ನೋಟ್‌ಬುಕ್ ಇಟ್ಟುಕೊಂಡೆ. ಒಂದರಲ್ಲಿ ದಾಖಲೆ ಇರುವ ಸಂಗತಿ ಮಾತ್ರ. ಪತ್ರ, ಹಡಗಿನ ಪಟ್ಟಿ, ಸರ್ಕಾರಿ ಕಾಗದ, ಆ ಕಾಲದ ಪತ್ರಿಕೆ. ಇನ್ನೊಂದರಲ್ಲಿ ಅವನ ಪುಸ್ತಕಗಳಲ್ಲಿ ‘ನಾನು’ ಅಂತ ಹೇಳುವವನಿಗೆ ಆದದ್ದು. ಒಂದರ ಸಾಲು ಇನ್ನೊಂದಕ್ಕೆ ಹೋಗಬಾರದು.

ಈ ಕಟ್ಟುನಿಟ್ಟಿಗೆ ಕಾರಣ ಇದೆ. ಮೆಲ್ವಿಲ್ 1891ರಲ್ಲಿ ತೀರಿಕೊಂಡಾಗ ಓದುಗರು ಅವನನ್ನು ಬಹುಪಾಲು ಮರೆತೇ ಬಿಟ್ಟಿದ್ದರು. ಮುಂದೆ 1921ರಲ್ಲಿ ರೇಮಂಡ್ ವೀವರ್ ಅವನ ಜೀವನಚರಿತ್ರೆ ಬರೆದರು. ದಾಖಲೆ ಸಾಲದ ಕಡೆ ಕಾದಂಬರಿಗಳಲ್ಲಿ ಬರುವುದನ್ನೇ ಬದುಕು ಅಂತ ತೆಗೆದುಕೊಂಡರು. ವೀವರ್ ಇಲ್ಲದಿದ್ದರೆ ಮೆಲ್ವಿಲ್ ನಮಗೆ ಹೀಗೆ ಸಿಗುತ್ತಿರಲಿಲ್ಲ, ಆ ಋಣ ದೊಡ್ಡದು. ಆದರೆ ಆ ಅಭ್ಯಾಸ ಬಹಳ ಕಾಲ ಉಳಿಯಿತು.

ಅವನ ‘ಟೈಪೀ’ ಎಂಬ ಪುಸ್ತಕ ತೆಗೆದುಕೊಳ್ಳಿ. ಪೆಸಿಫಿಕ್ ಸಾಗರದ ನುಕು ಹಿವ ದ್ವೀಪದ ಕಣಿವೆಯಲ್ಲಿ ನಾಲ್ಕು ತಿಂಗಳು ಇದ್ದೆ ಅಂತ ಪುಸ್ತಕ ಹೇಳುತ್ತದೆ. ನನ್ನ ಮೊದಲ ನೋಟ್‌ಬುಕ್ ಬೇರೆಯದನ್ನೇ ಹೇಳುತ್ತದೆ. 1842ರ ಜುಲೈ 9ರಂದು ಅವನು ‘ಅಕುಶ್ನೆಟ್’ ಎಂಬ ತಿಮಿಂಗಿಲ ಬೇಟೆಯ ಹಡಗು ಬಿಟ್ಟು ಓಡಿಹೋದ. ಆಗಸ್ಟ್ 9ಕ್ಕೆ ‘ಲೂಸಿ ಆ್ಯನ್’ ಹಡಗು ಹತ್ತಿದ. ಅಂದರೆ ಒಂದೇ ತಿಂಗಳು. ಇದನ್ನು ಸುಳ್ಳು ಅಂತ ಬಯ್ದು ಮುಗಿಸುವುದು ಸುಲಭ. ನನಗೆ ಬೇಕಾದದ್ದು ಬೇರೆ: ಉಳಿದ ಮೂರು ತಿಂಗಳನ್ನು ಅವನು ಯಾವುದರಿಂದ ತುಂಬಿದ? ಹಿಂದೆ ಅಲ್ಲಿಗೆ ಹೋಗಿ ಬಂದವರ ಪ್ರವಾಸ ಪುಸ್ತಕಗಳಿಂದ. ಲೇಖಕನ ಕೈಕೆಲಸ ನೋಡಬೇಕಾದ ಜಾಗ ಅದೇ ಅಲ್ವಾ?

ನಾನು ಜಾಸ್ತಿ ಹೊತ್ತು ಕೂತದ್ದು ‘ವೈಟ್ ಜಾಕೆಟ್’ನ ಒಂದು ಭಾಗದ ಮುಂದೆ. ಅದು 1850ರ ಪುಸ್ತಕ. ಯುದ್ಧನೌಕೆಯೊಂದರಲ್ಲಿ ಕಥೆ ಹೇಳುವವನು ಹಾಯಿ ಕಟ್ಟುವ ಎತ್ತರದ ಅಡ್ಡಮರದಿಂದ ಕಡಲಿಗೆ ಬೀಳುತ್ತಾನೆ. ಆಳಕ್ಕೆ ಇಳಿಯುತ್ತಾ ಇನ್ನೇನು ಸತ್ತೆ ಅನ್ನುವಾಗ ಯಾವುದೋ ಆಕಾರವಿಲ್ಲದ ಜೀವಿ ಮೈಗೆ ತಾಗುತ್ತದೆ. ಅಲುಗಾಡದೆ ಸುರುಳಿ ಸುತ್ತಿಕೊಂಡ ಒಂದು ಮೀನು. ಆ ಸ್ಪರ್ಶದಿಂದ ಬದುಕಿದ್ದೇನೆ ಅನ್ನುವ ಅರಿವು ನರನರಕ್ಕೂ ಹರಿಯುತ್ತದೆ. ಓದಿದವರಿಗೆ ಉಸಿರು ಕಟ್ಟುತ್ತದೆ. ಅನುಭವಿಸದೆ ಹೀಗೆ ಬರೆಯಲು ಆಗುತ್ತದಾ ಅನ್ನಿಸುತ್ತದೆ.

ಆಗುತ್ತದೆ. ಮೆಲ್ವಿಲ್ 1843ರಿಂದ 1844ರವರೆಗೆ ‘ಯುನೈಟೆಡ್ ಸ್ಟೇಟ್ಸ್’ ಎಂಬ ಯುದ್ಧನೌಕೆಯಲ್ಲಿದ್ದದ್ದು ನಿಜ. ಆದರೆ ಈ ಬೀಳುವಿಕೆ ಅವನದಲ್ಲ. ಚಾರ್ಲ್ಸ್ ಆ್ಯಂಡರ್ಸನ್ 1939ರ ತಮ್ಮ ಪುಸ್ತಕದಲ್ಲಿ ಅವನ ಕಡಲ ಕಥೆಗಳನ್ನು ನೌಕಾಪಡೆಯ ದಾಖಲೆಗಳ ಪಕ್ಕ ಇಟ್ಟು ನೋಡಿದರು. ಈ ದೃಶ್ಯದ ಮೂಲ ನಥಾನಿಯಲ್ ಏಮ್ಸ್ ಎಂಬ ನಾವಿಕ 1830ರಲ್ಲಿ ಬರೆದ ಪುಸ್ತಕ. ಹಾಗಂತ ಮೆಲ್ವಿಲ್ ಸಣ್ಣವನಾಗಲಿಲ್ಲ. ಇನ್ನೊಬ್ಬನ ನೆನಪಿಗೆ ಅವನು ಏನು ಕೂಡಿಸಿದ ಅನ್ನುವುದೇ ನನ್ನ ಅಧ್ಯಾಯದ ಮುಖ್ಯ ವಿಷಯವಾಯಿತು.

ಇದೇ ಭಾಗದಲ್ಲಿ ಇನ್ನೊಂದು ಸಂಗತಿ ಇದೆ. ಎಫ್.ಓ. ಮ್ಯಾಥಿಸನ್ ಅಮೆರಿಕನ್ ಸಾಹಿತ್ಯ ವಿಮರ್ಶೆಯ ದೊಡ್ಡ ಹೆಸರು. 1941ರ ತಮ್ಮ ಪುಸ್ತಕದಲ್ಲಿ ಈ ಮೀನಿನ ಮಾತನ್ನು ಅವರು ಬಹಳ ಮೆಚ್ಚಿದರು. ಆದರೆ ಅವರ ಕೈಯಲ್ಲಿದ್ದ ಪ್ರತಿಯಲ್ಲಿ ಮೀನು ‘ಕಾಯಿಲ್ಡ್’ ಆಗಿರಲಿಲ್ಲ, ‘ಸಾಯಿಲ್ಡ್’ ಆಗಿತ್ತು. ಸುರುಳಿ ಸುತ್ತಿದ ಮೀನಲ್ಲ, ಕೊಳಕು ಮೀನು. ಎಲ್ಲವನ್ನೂ ತೊಳೆಯುವ ಕಡಲಿಗೂ ಕೊಳಕಿಗೂ ನಂಟು ಹಾಕಿದ ಈ ಕಲ್ಪನೆ ಮೆಲ್ವಿಲ್‌ಗೆ ಮಾತ್ರ ಸಾಧ್ಯ ಅನ್ನುವಂತೆ ಅವರು ವಿವರಿಸಿದರು. 1949ರಲ್ಲಿ ಜಾನ್ ನಿಕೋಲ್ ಹಳೆಯ ಮುದ್ರಣಗಳನ್ನು ತೆಗೆದು ನೋಡಿದರೆ ಅಲ್ಲಿ ಕೊಳಕು ಇಲ್ಲವೇ ಇಲ್ಲ. ಮುದ್ರಾರಾಕ್ಷಸನ ಹಾವಳಿ. ಒಂದೇ ಒಂದು ಅಕ್ಷರ.

ಇದನ್ನು ಓದಿದ ಮೇಲೆ ನನ್ನ ಕೆಲಸದ ಕ್ರಮವೇ ಬದಲಾಯಿತು. ಒಂದು ಸಾಲಿನ ಮೇಲೆ ವಾದ ಕಟ್ಟುವ ಮೊದಲು ಅದು ಯಾವ ಮುದ್ರಣದ್ದು ಅಂತ ನೋಡುತ್ತೇನೆ. ಸಂಪಾದಿಸಿದ ಆವೃತ್ತಿಯ ಕೊನೆಯಲ್ಲಿ ಪಾಠಾಂತರಗಳ ಪಟ್ಟಿ, ಅಂದರೆ ಒಂದು ಮುದ್ರಣಕ್ಕೂ ಇನ್ನೊಂದಕ್ಕೂ ಎಲ್ಲೆಲ್ಲಿ ಪದ ಬದಲಾಗಿದೆ ಅನ್ನುವ ಪಟ್ಟಿ, ಇರುತ್ತದೆ. ಎಲ್ಲರೂ ಹಾರಿಸಿಬಿಡುವ ಪುಟಗಳು ಅವು. ನಾನು ಅಲ್ಲಿಂದಲೇ ಶುರು ಮಾಡುತ್ತೇನೆ.

ಪುಸ್ತಕ ಸಿಗುವುದು ಹಿಂದೆ ಕಷ್ಟವಿತ್ತು. ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯದ ಆವರಣದಲ್ಲಿ 1964ರಲ್ಲಿ ಅಮೆರಿಕನ್ ಸ್ಟಡೀಸ್ ರಿಸರ್ಚ್ ಸೆಂಟರ್ ಶುರುವಾಯಿತು. ನಮ್ಮ ಕಡೆಯ ಇಂಗ್ಲಿಷ್ ಮೇಷ್ಟ್ರುಗಳಲ್ಲಿ ಅಲ್ಲಿಗೆ ಹೋಗಿ ಓದಿ ಬಂದವರಿದ್ದಾರೆ. ಈಗ ಮೆಲ್ವಿಲ್ ತನ್ನ ಸ್ವಂತ ಪುಸ್ತಕಗಳ ಅಂಚಿನಲ್ಲಿ ಹಾಕಿದ ಪೆನ್ಸಿಲ್ ಗೆರೆಗಳೂ ಇಂಟರ್ನೆಟ್‌ನಲ್ಲಿ ಸಿಗುತ್ತವೆ. ನನಗೆ ಜಾಸ್ತಿ ನೆರವಾದದ್ದು ಜೇ ಲೇಡಾ 1951ರಲ್ಲಿ ತಂದ ‘ದಿ ಮೆಲ್ವಿಲ್ ಲಾಗ್’. ತಾರೀಖಿನ ಪ್ರಕಾರ ಜೋಡಿಸಿದ ದಾಖಲೆಗಳು, ಅಷ್ಟೇ. ಲೇಡಾ ಸಿನಿಮಾದವರು, ಮಾಸ್ಕೋದಲ್ಲಿ ಸೋವಿಯತ್ ಚಿತ್ರ ನಿರ್ದೇಶಕ ಐಸೆನ್‌ಸ್ಟೈನ್ ಹತ್ತಿರ ಕಲಿತವರು. ತುಣುಕಿನ ಪಕ್ಕ ತುಣುಕು ಇಡುವ ಆ ಕೈ ಪುಟಪುಟದಲ್ಲೂ ಕಾಣುತ್ತದೆ.

1866ರಿಂದ 19 ವರ್ಷ ಮೆಲ್ವಿಲ್ ನ್ಯೂಯಾರ್ಕ್ ಬಂದರಿನಲ್ಲಿ ಕಸ್ಟಮ್ಸ್ ಇನ್ಸ್‌ಪೆಕ್ಟರ್ ಆಗಿದ್ದ. ಆ ಕಾಲದ ‘ನಾನು’ ಹೇಳುವ ಕಾದಂಬರಿ ಇಲ್ಲ, ಕವಿತೆಗಳಿವೆ. ಇಲ್ಲಿ ನನ್ನ ಎರಡನೇ ನೋಟ್‌ಬುಕ್ ಖಾಲಿ. ಅದನ್ನು ಊಹೆಯಿಂದ ತುಂಬಲು ಹೋಗಲಿಲ್ಲ. ಸುಮ್ನೆ ‘ಮುರಿದ ಮನುಷ್ಯ’ ಅಂತ ಬರೆದುಬಿಡುವುದು ನ್ಯಾಯವಲ್ಲ.

ನಾನು ಕೊನೆಗೆ ಬರೆದದ್ದು ಮೆಲ್ವಿಲ್‌ನ ಕಡಲ ಕಥೆ ‘ಬಿಲ್ಲಿ ಬಡ್’ ಬಗೆಗಿನ ಅಧ್ಯಾಯ. ಮೆಲ್ವಿಲ್ ಸತ್ತಾಗ ಅದು ತಿದ್ದಿ ತಿದ್ದಿ ಬಿಟ್ಟ ಹಸ್ತಪ್ರತಿ. 1924ರಲ್ಲಿ ಮೊದಲು ಅಚ್ಚಾಯಿತು. 1962ರಲ್ಲಿ ಹೇಫರ್ಡ್ ಮತ್ತು ಸೀಲ್ಟ್ಸ್ ಎಂಬ ವಿದ್ವಾಂಸರು ಹಸ್ತಪ್ರತಿಯನ್ನು ಹಾಳೆಹಾಳೆ ಪರೀಕ್ಷಿಸಿ ಹೊಸ ಪಾಠ, ಅಂದರೆ ಕಥೆಯ ಹೊಸ ಪಠ್ಯ, ಕೊಟ್ಟರು. ಹಳೆಯ ಪ್ರತಿಗಳಲ್ಲಿ ಹಡಗಿನ ಹೆಸರು ‘ಇಂಡಾಮಿಟಬಲ್’, ಅವರ ಪಾಠದಲ್ಲಿ ‘ಬೆಲ್ಲಿಪೋಟೆಂಟ್’. ಹಾಗಾಗಿ 1962ಕ್ಕೆ ಮುಂಚಿನ ವಿಮರ್ಶಕರನ್ನು ನಾನು ಬೇರೆ ಗುಂಪಾಗಿ ಓದಿದೆ. ಅವರು ಹೇಳಿದ್ದನ್ನು ಒಪ್ಪುವ ಮುಂಚೆ, ಬಿಡುವ ಮುಂಚೆ, ಅವರ ಮುಂದಿದ್ದ ಸಾಲು ಹೊಸ ಪಾಠದಲ್ಲೂ ಇದೆಯಾ ಅಂತ ಒಂದೊಂದಾಗಿ ತಾಳೆ ನೋಡಿದೆ.