ಹತ್ತಿ, ಲಿನನ್, ಬಿದಿರಿನ ನೂಲಲ್ಲಿ ಹೆಣೆಯೋದು ಹೇಗೆ

ಉಲನ್‌ನಲ್ಲಿ ಕೈ ಪಳಗಿದವ್ರು ಮೊದಲನೇ ಸಲ ಕಾಟನ್ ನೂಲು ಹಿಡಿದಾಗ ಬೇಜಾರು ಮಾಡ್ಕೊಳ್ಳೋದು ಜಾಸ್ತಿ. ಕೈ ನೋಯತ್ತೆ, ಒಂದು ಸ್ಟಿಚ್ ಬಿಗಿ ಇನ್ನೊಂದು ಸಡಿಲ ಕಾಣತ್ತೆ, ಬೆಳಿಗ್ಗೆ ಸರಿಯಾಗಿದ್ದ ಟಾಪ್ ಸಂಜೆ ಹೊತ್ತಿಗೆ ಜೋತುಬಿದ್ದಿರತ್ತೆ. ನಿಮ್ಮ ಕೈಯಲ್ಲಿ ದೋಷ ಏನೂ ಇಲ್ಲ, ನೂಲಿನ ಗುಣಾನೇ ಹಾಗೆ. ಉಣ್ಣೆಯ ಎಳೇಲಿ ಹುಟ್ಟಿನಿಂದಾನೇ ಸುರುಳಿ ಇರತ್ತೆ, ಎಳೆದು ಬಿಟ್ರೆ ವಾಪಸ್ ಕೂತ್ಕೊಳ್ಳತ್ತೆ. ಹತ್ತಿ, ಲಿನನ್, ಸೆಣಬು, ಬಿದಿರು ಎಲ್ಲಾ ಸೆಲ್ಯುಲೋಸ್, ಅಂದ್ರೆ ಗಿಡದ ನಾರಿನ ಪದಾರ್ಥ, ಹಿಗ್ಗಿದ್ರೆ ಹೆಚ್ಚುಕಮ್ಮಿ ಹಿಗ್ಗಿದ ಹಾಗೇ ಉಳಿಯತ್ತೆ, ಅದ್ರ ಮೇಲೆ ಭಾರ ಬೇರೆ.

ಕಾಟನ್‌ನಲ್ಲೇ ಎರಡು ಥರ ಇದೆ. ಹತ್ತಿನ ಕಾಸ್ಟಿಕ್ ಸೋಡಾದಲ್ಲಿ ಅದ್ದಿದ್ರೆ ಗಟ್ಟಿ ಆಗತ್ತೆ, ಬಣ್ಣಾನೂ ಚೆನ್ನಾಗಿ ಹಿಡಿಯತ್ತೆ ಅಂತ 1844ರಲ್ಲಿ ಇಂಗ್ಲೆಂಡಿನ ಜಾನ್ ಮರ್ಸರ್ ಕಂಡ್ಕೊಂಡ್ರು, ಮುಂದೆ ನೂಲನ್ನ ಬಿಗಿಯಾಗಿ ಎಳೆದು ಹಿಡಿದು ಅದೇ ಕೆಲಸ ಮಾಡಿದಾಗ ಹೊಳಪೂ ಬಂತು, ಅದೇ ಮರ್ಸರೈಸ್ಡ್ ಕಾಟನ್. ಲೇಸ್‌ಗೆ, ಕ್ರೋಶೆ (ಕೊಕ್ಕೆ ಕಡ್ಡೀಲಿ, ಅಂದ್ರೆ ಹುಕ್ಕಲ್ಲಿ ಹೆಣೆಯೋ) ಗೊಂಬೆಗಳಿಗೆ ಇದು ಸೊಗಸು, ಒಂದೊಂದು ಸ್ಟಿಚ್ಚೂ ಬಿಡಿಬಿಡಿಯಾಗಿ ಕಾಣತ್ತೆ. ಟವೆಲ್, ಪಾತ್ರೆ ಒರೆಸೋ ಬಟ್ಟೆಗೆ ಸಾದಾ ಕಾಟನ್ನೇ ತಗೊಳ್ಳಿ, ಮೆತ್ತಗಿರತ್ತೆ, ನೀರು ಬೇಗ ಹೀರತ್ತೆ. ಲಿನನ್ ಮೊದಲು ದಾರದ ಹಾಗೆ ಒರಟಾಗಿರತ್ತೆ, ಒಗೆದಷ್ಟೂ ಮೃದುವಾಗತ್ತೆ, ತಾಳ್ಮೆ ಇರೋವ್ರಿಗೆ ಇದಕ್ಕಿಂತ ಒಳ್ಳೆ ನೂಲು ಇಲ್ಲ ಅಂತ ನನ್ನ ಅಭಿಪ್ರಾಯ. ಅದ್ರಲ್ಲಿ ಬರೀ ಸ್ಟಾಕಿನೆಟ್ (ಒಂದು ಸಾಲು ನಿಟ್, ಒಂದು ಸಾಲು ಪರ್ಲ್) ಹೆಣೆದ್ರೆ ಕೆಲವು ಸಲ ಬಟ್ಟೆ ಓರೆಯಾಗತ್ತೆ, ಸೀಡ್ ಸ್ಟಿಚ್ (ನಿಟ್, ಪರ್ಲ್ ಒಂದಾದ ಮೇಲೊಂದು, ಮುಂದಿನ ಸಾಲಲ್ಲಿ ಅದಲು ಬದಲು) ಹಾಕಿದ್ರೆ ನೆಟ್ಟಗಿರತ್ತೆ.

ಹೆಣೆಯೋ ಕಡ್ಡಿ ವಿಷಯ ಸಿಂಪಲ್. ಬಿದಿರಿನ ನೂಲು ಜಾರತ್ತೆ, ಅದಕ್ಕೆ ಮರದ ಕಡ್ಡಿ. ಸಾದಾ ಕಾಟನ್ ಕಡ್ಡಿಗೆ ಅಂಟ್ಕೊಳ್ಳತ್ತೆ, ಅದಕ್ಕೆ ಮೆಟಲ್. ನೂಲಿನ ಎಳೆ ಸೀಳ್ತಾ ಇದ್ರೆ ಸ್ವಲ್ಪ ಮೊಂಡು ತುದಿಯ ಕಡ್ಡಿ ಅಥವಾ ಹುಕ್ ಹಿಡೀರಿ.

ಈಗ ಸ್ವಾಚ್, ಅಂದ್ರೆ ಅಳತೆ ನೋಡೋಕೆ ಮೊದಲು ಹೆಣೆಯೋ ಸಣ್ಣ ತುಂಡು. ಉಲನ್‌ನಲ್ಲಿ ಇದನ್ನ ಬಿಟ್ರೂ ಹೇಗೋ ನಡೆಯತ್ತೆ, ಇಲ್ಲಿ ದಯವಿಟ್ಟು ಬಿಡ್ಬೇಡಿ. ಸುಮಾರು 15 ಸೆಂ.ಮೀ. ಚೌಕ ಹೆಣೆದು, ಮುಂದೆ ಆ ಬಟ್ಟೆನ ಹೇಗೆ ಒಗೀತೀರೋ ಹಾಗೇ ಒಗೆದು ಒಣಗಿಸಿ, ಆಮೇಲೆ ಮೇಲಿನ ಅಂಚನ್ನ ಕ್ಲಿಪ್ಪಿಗೆ ಸಿಕ್ಕಿಸಿ ಕೆಳಗಿನ ಅಂಚಿಗೆ ಇನ್ನೊಂದಷ್ಟು ಕ್ಲಿಪ್ ಹಾಕಿ ರಾತ್ರಿಯೆಲ್ಲಾ ತೂಗುಹಾಕಿ, ಬೆಳಿಗ್ಗೆ ಅದು ತೂಗ್ತಾ ಇರೋವಾಗ್ಲೇ ಟೇಪ್ ಹಿಡಿದು ಅಳೀರಿ. ತೂಗುಹಾಕೋ ಮೊದಲು 10 ಸೆಂ.ಮೀ. ಇದ್ದ ಜಾಗ 10.5 ಆಗಿದ್ರೆ, 50 ಸೆಂ.ಮೀ. ಉದ್ದದ ಟಾಪ್ 52.5 ಆಗತ್ತೆ ಅಂತ ಲೆಕ್ಕ, ಅಷ್ಟು ಮೊದಲೇ ಕಡಿಮೆ ಹೆಣೀರಿ.

ರಿಬ್, ಅಂದ್ರೆ ಅಂಚಿಗೆ ಹಾಕೋ ಹಿಗ್ಗಿ ಕುಗ್ಗೋ ಪಟ್ಟಿ, ಇಲ್ಲಿ ಉಲನ್ ಥರ ಹಿಡ್ಕೊಳ್ಳಲ್ಲ. ಕಡ್ಡಿ ಒಂದೆರಡು ಸೈಜ್ ಚಿಕ್ಕದು ಮಾಡಿ, ನಿಟ್ ಸ್ಟಿಚ್‌ನ ಹಿಂದಿನ ಲೂಪಿಂದ ಹಾಕಿ, ಪರವಾಗಿಲ್ಲ ಅನ್ನೋ ಅಷ್ಟು ಬಿಗಿ ಬರತ್ತೆ. ಭುಜಕ್ಕೆ, ಪಕ್ಕಕ್ಕೆ ಹೊಲಿಗೆ ಬರೋ ಪ್ಯಾಟರ್ನ್ ಆರಿಸಿ, ಆ ಹೊಲಿಗೆನೇ ಭಾರ ತಡಿಯತ್ತೆ. ಕ್ರೋಶೆ ಬಟ್ಟೆ ದಪ್ಪ, ಇನ್ನೂ ಭಾರ, ಹಾಗಾಗಿ ಬ್ಯಾಗಿಗೆ ಒತ್ತಾದ ಸಿಂಗಲ್ ಕ್ರೋಶೆ (ಗಿಡ್ಡ ಸ್ಟಿಚ್ಚು) ಸರಿ, ಮೈಮೇಲೆ ಹಾಕೋದಕ್ಕೆ ದೊಡ್ಡ ಹುಕ್ಕು, ಬಿಡಿಬಿಡಿ ಸ್ಟಿಚ್ಚು.

ನೂಲಿನ ತುದಿ ಮುಚ್ಚೋದ್ರಲ್ಲೂ ಅವಸರ ಬೇಡ. ಉಣ್ಣೆ ಹಾಗೆ ಇವು ಒಂದಕ್ಕೊಂದು ಬೆಸ್ಕೊಳ್ಳಲ್ಲ, ಒದ್ದೆ ಮಾಡಿ ಉಜ್ಜಿ ಸೇರಿಸೋ ಉಪಾಯ ನಡೆಯಲ್ಲ. 15 ಸೆಂ.ಮೀ. ತುದಿ ಬಿಟ್ಟು, ಚೂಪು ಸೂಜೀಲಿ ಹಿಂಬದಿಯ ನೂಲಿನ ಎಳೆಗಳ ಮಧ್ಯಾನೇ ಚುಚ್ಕೊಂಡು ಹೋಗಿ, ಆಮೇಲೆ ದಿಕ್ಕು ತಿರುಗಿಸಿ ವಾಪಸ್ ಬನ್ನಿ.

ಹತ್ತಿ, ಲಿನನ್ ಒದ್ದೆಯಾದಾಗ ಇನ್ನೂ ಗಟ್ಟಿ, ಬಿದಿರಿನ ವಿಸ್ಕೋಸ್ (ಬಿದಿರಿನ ತಿರುಳು ಕರಗಿಸಿ ಮಾಡಿದ ನೂಲು) ಒದ್ದೆಯಾದ್ರೆ ಬಲ ಕಳ್ಕೊಳ್ಳತ್ತೆ, ಅದನ್ನ ಹಿಂಡ್ಬೇಡಿ, ಟವೆಲ್‌ನಲ್ಲಿ ಸುತ್ತಿ ಒತ್ತಿ. ಎಲ್ಲಾನೂ ಹಾಸಿ ಒಣಗಿಸಿ, ಮಡಚಿಡಿ, ಹ್ಯಾಂಗರ್‌ಗೆ ಹಾಕ್ಬೇಡಿ. ಕೆಂಪು, ಕಡು ನೀಲಿ ಮೊದಲ ಒಂದೆರಡು ಒಗೆತ ಬೇರೆಯಾಗಿರ್ಲಿ, ವಿನೆಗರ್ ಹಾಕಿದ್ರೆ ಕಾಟನ್ ಬಣ್ಣ ನಿಲ್ಲತ್ತೆ ಅನ್ನೋ ಮಾತು ನಂಬ್ಬೇಡಿ, ನಿಲ್ಲಲ್ಲ.